‘ಕಂಡೆನು’ ಎಂಬ ಕ್ರಿಯಾಪದ: ಒಂದು ಪ್ರವಾಸಕ್ಕೆ ತಿದ್ದುಪಡಿ

ಪ್ರವಾಸಸಾಹಿತ್ಯವನ್ನು ಕುರಿತು ತರಗತಿಗಳಲ್ಲಿ ಮಾತನಾಡುವಾಗ ನಾವು ಸಾಮಾನ್ಯವಾಗಿ ನೋಡಿದ ದೇಶದ ಬಗೆಗೆ, ನೋಡಿದವರ ದೃಷ್ಟಿಕೋನದ ಬಗೆಗೆ ಚರ್ಚಿಸುತ್ತೇವೆ. ನಿಜವಾಗಿ ನೋಡಿದವರು ಯಾರು ಎಂದು ಕೇಳುವುದಿಲ್ಲ. ಅದೊಂದು ಕೇಳಬೇಕಾದ ಪ್ರಶ್ನೆಯೆಂದು ನನಗೂ ಬಹುಕಾಲ ತೋರಿರಲಿಲ್ಲ. 2013ರ ನವೆಂಬರಿನಲ್ಲಿ ನಾನೂ ನನ್ನ ಶ್ರೀಮತಿಯೂ ಬೆನ್ನಿಗೆ ಚೀಲ ಏರಿಸಿಕೊಂಡು ಕಾಂಬೋಡಿಯದಲ್ಲಿ ಕಳೆದ ಹನ್ನೆರಡು ದಿನಗಳೂ, ಅವನ್ನು ಆಧರಿಸಿ ನಾನು ಬರೆದ ಒಂದು ಸಂಪ್ರಬಂಧವೂ ಆ ಪ್ರಶ್ನೆಯನ್ನು ನನ್ನ ಮುಂದೆ ತಂದಿಟ್ಟವು. ಈ ಬರಹ ಆ ಪ್ರಯಾಣದ ಕಥನವೂ ಹೌದು. ಆ ಸಂಪ್ರಬಂಧಕ್ಕೆ ತಡವಾಗಿ ಸೇರಿಸುತ್ತಿರುವ ತಪ್ಪು–ಒಪ್ಪುಗಳ ಪಟ್ಟಿಯೂ ಹೌದು.

ಪ್ರಯಾಣದ ಹಿನ್ನೆಲೆಯನ್ನು ಮೊದಲು ಹೇಳಬೇಕು. ನನ್ನ ಶ್ರೀಮತಿಯ ತವರು ಶಿರಸಿಯ ಸಮೀಪದ ಒಂದು ಹಳ್ಳಿ. ವೃತ್ತಿಯಿಂದ ಆಕೆ ಪ್ರೌಢಶಾಲೆಯ ಗಣಿತ ಶಿಕ್ಷಕಿ. ಶಾಲ್ಮಲಾ ನದಿಯ ಸಹಸ್ರಲಿಂಗವು ಆಕೆಗೆ ಪುರಾತತ್ತ್ವದ ನೆಲೆಯಲ್ಲ. ಶಿವರಾತ್ರಿಯಂದು ತಂದೆಯ ಹೆಗಲೇರಿ ನೋಡಿದ, ಬಂಡೆಯಿಂದ ಬಂಡೆಗೆ ಹಾರಿ ಮೊಣಕಾಲು ತರಚಿಕೊಂಡ ಜಾಗ. ಸೋದೆಯ ಅರಸ ಸದಾಶಿವರಾಯನ ಕಾಲದ್ದೆಂದು (1678–1718) ಹೇಳಲಾಗುವ ಈ ಲಿಂಗಗಳು ನದಿಯ ಪಾತ್ರದಲ್ಲಿ ಚದುರಿದ ಬಂಡೆಗಳ ಮೇಲಿವೆ. ಬೇಸಗೆಯಲ್ಲಿ ನೀರು ಇಳಿದಂತೆ ಒಂದೊಂದಾಗಿ ತಲೆ ಎತ್ತುತ್ತವೆ. ಇಂಥದೇ ಇನ್ನೊಂದು ನದಿ ಕಾಂಬೋಡಿಯದ ಕುಲೆನ್ ಬೆಟ್ಟಸಾಲಿನಲ್ಲಿದೆಯೆಂದೂ ಅದರ ತಳದ ಕಲ್ಲಿನಲ್ಲಿ 11ನೆಯ ಶತಮಾನದಲ್ಲಿಯೇ ನೂರಾರು ಲಿಂಗಗಳನ್ನು ಕಂಡರಿಸಿದ್ದಾರೆಂದೂ ಓದಿ ಹೇಳಿದವನು ನಾನು. ‘ಹಾಗಾದರೆ ಹೋಗಿ ನೋಡಿಯೇ ಬರೋಣ’ ಎಂದವಳು ಆಕೆ. ಎರಡು ನೆಲೆಗಳ ನಡುವೆ ಆರು ಶತಮಾನಗಳಿಗೂ ಹೆಚ್ಚಿನ ಅಂತರವಿದೆ, ಸಮುದ್ರವಿದೆ. ಒಂದರಿಂದ ಇನ್ನೊಂದು ಹುಟ್ಟಿತೆಂದು ವಾದಿಸುವ ಹುಮ್ಮಸ್ಸು ನಮಗಿರಲಿಲ್ಲ. ಹರಿಯುವ ನೀರಿಗೇ ಅಭಿಷೇಕದ ಕೆಲಸ ವಹಿಸುವ ಒಂದೇ ಕಲ್ಪನೆ ಎರಡು ಕಡೆ ಹೇಗೆ ಬೇರೆ ಬೇರೆ ರೂಪ ತಳೆಯಿತೆಂಬುದನ್ನು ನೋಡುವ ಕುತೂಹಲವಷ್ಟೇ ಇತ್ತು.

ನಾವು ವಿಚಾರಿಸಿದ ಪ್ರವಾಸ ಸಂಸ್ಥೆಗಳು ಅಂಕೋರ್ ವಾಟ್ ಮತ್ತು ಬಯೊನ್‌ಗಳನ್ನು ಎರಡು ದಿನಗಳಲ್ಲಿ ತೋರಿಸಿ ಕಳುಹಿಸುತ್ತಿದ್ದವು. ಕ್ಬಾಲ್ ಸ್ಪಿಯನ್ ಎಂಬ ಈ ನದಿಯ ಹೆಸರು ಅವುಗಳ ಪಟ್ಟಿಯಲ್ಲಿರಲಿಲ್ಲ. ಆದ್ದರಿಂದ ಐವತ್ತು ದಾಟಿದ ನಾವಿಬ್ಬರೂ ಕಾಲೇಜು ಹುಡುಗರಂತೆ ಬೆನ್ನುಚೀಲ ಕೊಂಡು ಹೊರಟೆವು. ನನ್ನ ಚೀಲದಲ್ಲಿ ಐದು ದಪ್ಪ ಪುಸ್ತಕಗಳಿದ್ದವು. ಆಕೆಯ ಚೀಲದಲ್ಲಿ ಎರಡು ಸೇರು ಅವಲಕ್ಕಿ, ಮೆಂತ್ಯದ ಹಿಟ್ಟು, ಗಣಿತದ ಚೌಕಳಿ ಪುಸ್ತಕ, ಒಂದು ಗೋಣಿದಬ್ಬಳ ಮತ್ತು ಹುರಿಯ ಉಂಡೆ ಇದ್ದವು. ದಬ್ಬಳವನ್ನು ನೋಡಿ ನಾನು ನಕ್ಕಿದ್ದೆ.

ಬ್ಯಾಂಕಾಕಿನಿಂದ ರೈಲಿನಲ್ಲಿ ಅರಣ್ಯಪ್ರಥೇಟ್‌ಗೆ ಬಂದೆವು. ಥಾಯ್ ನಾಲಗೆಯಲ್ಲಿ ಏನೇ ಆಗಿರಲಿ, ಅದು ನಮ್ಮ ‘ಅರಣ್ಯಪ್ರದೇಶ’ವೇ ಎಂದು ಹೆಸರಿನ ವ್ಯುತ್ಪತ್ತಿಯನ್ನು ವಿವರಿಸುತ್ತಿದ್ದ ಹೊತ್ತಿನಲ್ಲಿಯೇ ನಮ್ಮನ್ನು ಗಡಿಗೆ ಒಯ್ಯಬೇಕಾಗಿದ್ದ ಆಟೋ ಒಂದು ಕಚೇರಿಯ ಮುಂದೆ ನಿಂತಿತು. ಬಾವುಟವಿತ್ತು, ಸಮವಸ್ತ್ರದವರಿದ್ದರು, ಫ್ಯಾನಿನ ಕೆಳಗೆ ಕುರ್ಚಿಗಳಿದ್ದವು. ವೀಸಾ ಇಲ್ಲಿಯೇ ಎಂದರು. ಆಗ ಪ್ರವಾಸಿ ವೀಸಾಕ್ಕೆ ನಿಗದಿಯಾಗಿದ್ದದ್ದು 20 ಡಾಲರ್; ಅವರು ಕೇಳಿದ್ದು ಹೆಚ್ಚುಕಡಿಮೆ ಅದರ ಎರಡರಷ್ಟು. ಸೆಕೆಗೆ ಸೋತಿದ್ದ ನಾನು ಪಾಸ್‌ಪೋರ್ಟುಗಳನ್ನು ಕೊಟ್ಟೇಬಿಟ್ಟೆ. ಆಕೆ ಒಂದು ಕ್ಷಣ ಸುತ್ತ ನೋಡಿ, ‘ಗಡಿ ಇನ್ನೂ ಬಂದಿಲ್ಲ. ಗಡಿಯಲ್ಲಿ ಕೊಡುವುದನ್ನು ಇಲ್ಲೇ ಕೊಡುವವರು ಯಾರು?’ ಎಂದು ಕೇಳಿ, ಮೇಜಿನ ಮೇಲಿನ ಪಾಸ್‌ಪೋರ್ಟುಗಳನ್ನು ತಾನೇ ಎತ್ತಿಕೊಂಡು ಹೊರಗೆ ನಡೆದಳು. ಯಾರೂ ತಡೆಯಲಿಲ್ಲ. ನಿಜವಾದ ಗಡಿಯ ಕಚೇರಿ ಅಲ್ಲಿಂದ ಮುಂದಿತ್ತು.

ಊರಿಗೆ ಮರಳಿದ ಮೇಲೆ ಈ ಪ್ರಸಂಗವನ್ನು ಸಹೋದ್ಯೋಗಿಗಳ ಮುಂದೆ ಹಲವು ಬಾರಿ ಹೇಳಿದ್ದೇನೆ. ಮೊದಮೊದಲು ‘ಇವಳಿಗೆ ಅನುಮಾನ ಬಂತು’ ಎನ್ನುತ್ತಿದ್ದೆ. ಕೆಲವು ತಿಂಗಳುಗಳಲ್ಲಿ ಅದು ‘ನಮಗೆ ಅನುಮಾನ ಬಂತು’ ಎಂದಾಯಿತು. ವರ್ಷ ಕಳೆಯುವಷ್ಟರಲ್ಲಿ ‘ನನಗೆ ಅನುಮಾನ ಬಂತು’ ಎಂದು ನಿಂತಿತು. ಹೀಗೆ ಮೂರು ಮೆಟ್ಟಿಲು ಇಳಿದದ್ದು ನನಗೆ ಗೊತ್ತೇ ಆಗಲಿಲ್ಲ.

ಗಡಿಯಾಚೆಯ ಪೊಯ್‌ಪೆಟ್‌ನಿಂದ ಸಿಯಾಮ್ ರೀಪ್‌ಗೆ ಸುಮಾರು 150 ಕಿಲೋಮೀಟರ್. ಬಸ್ಸಿನಿಂದ ಚೀಲ ಇಳಿಸುವಾಗ ಪುಸ್ತಕಗಳ ಭಾರಕ್ಕೆ ನನ್ನ ಚೀಲದ ಹೆಗಲುಪಟ್ಟಿ ಕಿತ್ತುಬಂತು. ಆ ರಾತ್ರಿ ವಸತಿಗೃಹದ ಮಂದ ದೀಪದಲ್ಲಿ ದಬ್ಬಳ ಮತ್ತು ಹುರಿ ತಮ್ಮ ಕೆಲಸ ಮಾಡಿದವು. ಆಹಾರದ ವಿಷಯದಲ್ಲಿಯೂ ಹಾಗೆಯೇ ಆಯಿತು. ಖ್ಮೇರ್ ಅಡಿಗೆಯ ಜೀವಾಳವಾದ ಪ್ರಹೋಕ್ ಎಂಬ ಹುಳಿಸಿದ ಮೀನಿನ ಗೊಜ್ಜು ಸೊಪ್ಪಿನ ಪಲ್ಯದಲ್ಲಿಯೂ ಇರಬಹುದೆಂಬುದು ಎರಡನೆಯ ದಿನ ನಮಗೆ ತಿಳಿಯಿತು. ಮೀನು ಬೇಡವೆಂದು ಸನ್ನೆಯಿಂದ ಹೇಳಿದಾಗ ಅಂಗಡಿಯಾಕೆ ಅತ್ಯಂತ ಪ್ರೀತಿಯಿಂದ ನಮ್ಮ ತಟ್ಟೆಯಿಂದ ಮೀನಿನ ತುಂಡುಗಳನ್ನು ಹೆಕ್ಕಿ ತೆಗೆದು, ಉಳಿದದ್ದನ್ನು ಮುಂದಿಟ್ಟಳು. ಉಳಿದ ದಿನಗಳನ್ನು ಅನ್ನ, ಬಾಳೆಹಣ್ಣು, ಅವಲಕ್ಕಿಗಳಲ್ಲಿ ಕಳೆದೆವು.

ಏಳನೆಯ ದಿನ ಬೆಳಿಗ್ಗೆ ಮೋಟಾರ್ ಸೈಕಲ್ಲಿಗೆ ಕಟ್ಟಿದ ರೆಮೋರ್ಕ್ ಗಾಡಿಯಲ್ಲಿ ಕ್ಬಾಲ್ ಸ್ಪಿಯನ್ ಕಡೆಗೆ ಹೊರಟೆವು. ಸಿಯಾಮ್ ರೀಪ್‌ನಿಂದ ಸುಮಾರು 50 ಕಿಲೋಮೀಟರ್ ದಾರಿ. ಪ್ರೇಹ್ ಡಾಕ್ ಹಳ್ಳಿಯಲ್ಲಿ ರಸ್ತೆಯ ಬದಿಯ ಒಲೆಗಳ ಮೇಲೆ ತಾಳೆಯ ರಸ ಕುದಿಯುತ್ತಿತ್ತು. ಆಕೆ ಗಾಡಿ ನಿಲ್ಲಿಸಿ, ಬಾಣಲೆಯ ನೊರೆಯನ್ನು ನೋಡಿ, ‘ಇನ್ನು ಸ್ವಲ್ಪ ಹೊತ್ತಿಗೆ ಪಾಕ ಬರುತ್ತದೆ’ ಎಂದು ಶಿರಸಿಯ ಆಲೆಮನೆಯ ಅನುಭವದಿಂದ ಹೇಳಿದಳು, ಹಾಗೆಯೇ ಆಯಿತು. ಮುಂದೆ ಬಾಂತೇ ಸ್ರೈ. ಯಜ್ಞವರಾಹನೆಂಬ ವಿದ್ವಾಂಸ ಕಟ್ಟಿಸಿದ, ಕ್ರಿ.ಶ. 967ರಲ್ಲಿ ಪ್ರತಿಷ್ಠೆಯಾದ, ಗುಲಾಬಿ ಬಣ್ಣದ ಮರಳುಗಲ್ಲಿನ ಆ ಶಿವಾಲಯವನ್ನು ಇಬ್ಬರೂ ಕಣ್ತುಂಬ ನೋಡಿದೆವು. ಆ ದೇವಾಲಯದ ಮಾತಿಗೆ ಮತ್ತೆ ಬರುತ್ತೇನೆ.

ಕ್ಬಾಲ್ ಸ್ಪಿಯನ್ ಎಂದರೆ ‘ಸೇತುವೆಯ ತಲೆ’. ನದಿಗೆ ಅಡ್ಡಲಾಗಿ ನಿಸರ್ಗವೇ ಹಾಕಿದ ಕಲ್ಲಿನ ಸೇತುವೆಯಿಂದ ಆ ಹೆಸರು. ಗಾಡಿ ನಿಲ್ಲುವಲ್ಲಿಂದ ಅಲ್ಲಿಗೆ ಕಾಡಿನೊಳಗೆ ಸುಮಾರು ಒಂದೂವರೆ ಕಿಲೋಮೀಟರ್ ಏರುದಾರಿ. ದಶಕಗಳ ಯುದ್ಧದಲ್ಲಿ ಹೂತ ನೆಲಬಾಂಬುಗಳು ದೇಶದ ಅನೇಕ ಕಡೆ ಇನ್ನೂ ಉಳಿದಿದ್ದುದರಿಂದ, ಕಾಲುದಾರಿ ಬಿಟ್ಟು ಕದಲಬಾರದೆಂದು ಎಲ್ಲರೂ ಎಚ್ಚರಿಸಿದ್ದರು. ನಾನು ಕಾಲುದಾರಿ ಬಿಡಲಿಲ್ಲ. ಕಾಲು ನನ್ನನ್ನು ಬಿಟ್ಟಿತು. ಹಿಂದಿನ ರಾತ್ರಿಯ ಅಕಾಲದ ಮಳೆಗೆ ನೆನೆದ ಒಂದು ಬೇರಿನ ಮೇಲೆ ಜಾರಿ, ಬೆನ್ನಿನ ಚೀಲದ ಭಾರಕ್ಕೆ ತಿರುಚಿ ಬಿದ್ದೆ. ಆ ದಿನವೂ ಚೀಲದಲ್ಲಿ ಎರಡು ಪುಸ್ತಕಗಳಿದ್ದವು. ಬಲಗಾಲಿನ ಹರಡು ನೋಡನೋಡುತ್ತಿದ್ದಂತೆ ಊದಿಕೊಂಡಿತು. ನಾವು ಏರಿದ್ದು ದಾರಿಯ ಕಾಲುಭಾಗವೂ ಇರಲಿಕ್ಕಿಲ್ಲ. ಆಕೆಯ ಹೆಗಲು ಹಿಡಿದು ಕುಂಟುತ್ತ ಕೆಳಗಿನ ಅಂಗಡಿಗಳ ಸಾಲಿಗೆ ಮರಳಿದೆ.

ಆಕೆ ಹಿಂದಿರುಗಿ ಹೋಗೋಣವೆಂದಳು. ‘ಇಷ್ಟು ದೂರ ಬಂದು ಒಬ್ಬರಾದರೂ ನೋಡದೆ ಹೋಗುವುದೇ? ನೀನು ಹೋಗಿ ಬಾ. ಎಲ್ಲವನ್ನೂ ಬರೆದುಕೊಂಡು ಬಾ’ ಎಂದೆ. ಆ ಮಾತಿನಲ್ಲಿ ಔದಾರ್ಯವೆಷ್ಟಿತ್ತು, ನನ್ನ ಸಂಪ್ರಬಂಧದ ಚಿಂತೆಯೆಷ್ಟಿತ್ತು ಎಂದು ಈಗ ಅಳೆಯಲಾರೆ. ಮೇಲಕ್ಕೆ ಹೊರಟಿದ್ದ ಒಂದು ಕುಟುಂಬದ ಜೊತೆಗೂಡಿ ಆಕೆ ಚೌಕಳಿ ಪುಸ್ತಕ ಹಿಡಿದು ಹೋದಳು.

ಮರಳಿದಾಗ ಆಕೆಯ ಸೀರೆಯ ಅಂಚು ಮೊಣಕಾಲಿನವರೆಗೆ ಒದ್ದೆಯಾಗಿತ್ತು. ಪುಸ್ತಕದ ಒಂಬತ್ತು ಪುಟಗಳು ತುಂಬಿದ್ದವು. ಅವುಗಳಲ್ಲಿನ ಕೆಲವು ಮಾತುಗಳನ್ನು ಇಲ್ಲಿ ಆಕೆಯ ಅನುಮತಿಯಿಂದ ಕೊಡುತ್ತಿದ್ದೇನೆ. ‘ತಳದ ಬಂಡೆಯ ತುಂಬ ಸಾಲುಸಾಲಾಗಿ ಉಬ್ಬುಗಳು. ಚೆನ್ನೆಮಣೆಯನ್ನು ಬೋರಲು ಹಾಕಿದ ಹಾಗೆ; ಗುಳಿಯ ಬದಲು ಗುಬುಟು.’ ‘ಒಂದು ಚೌಕದೊಳಗೆ ಐದು: ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು. ದಾಳದ ಐದರಂತೆ.’ ‘ವಿಷ್ಣು ಮಲಗಿದ್ದಾನೆ, ಕಾಲ ಬಳಿ ಲಕ್ಷ್ಮಿ. ನೀರು ಮೇಲೆಯೇ ಹರಿಯುತ್ತದೆ. ಕ್ಷೀರಸಾಗರವನ್ನು ಬೇರೆ ಕೆತ್ತಬೇಕಾಗಿಲ್ಲ.’ ‘ನಮ್ಮ ಸಹಸ್ರಲಿಂಗದಲ್ಲಿ ಒಂದೊಂದು ಬಂಡೆ ಒಂದೊಂದು ದೇವರು, ಕೈಮುಗಿಯಲು ಎದುರು ನಿಲ್ಲಬಹುದು. ಇಲ್ಲಿ ನಿಲ್ಲಲು ಜಾಗವಿಲ್ಲ, ನದಿಯೊಂದೇ ಮುಟ್ಟುತ್ತದೆ.’ ‘ಅಲ್ಲಿ ಲಿಂಗದ ಎದುರಿಗೆ ನಂದಿ ಇರುತ್ತದೆ. ಇಲ್ಲಿ ನಾನು ನೋಡಿದಷ್ಟರಲ್ಲಿ ಲಿಂಗಗಳ ಎದುರು ನಂದಿ ಕಾಣಲಿಲ್ಲ.’

ಈ ಕೊನೆಯ ಎರಡು ಟಿಪ್ಪಣಿಗಳಲ್ಲಿ ಒಂದು ಸಂಪ್ರಬಂಧಕ್ಕೆ ಬೇಕಾದ ಹೊಳಹು ಪೂರ್ತಿ ಇದೆ. ಶಾಲ್ಮಲೆಯಲ್ಲಿ ಲಿಂಗಗಳು ಪೂಜೆಗೆ ಒದಗುತ್ತವೆ. ಭಕ್ತರು ನದಿಗಿಳಿದು ಅವುಗಳ ಬಳಿಗೆ ಹೋಗುತ್ತಾರೆ. ಕ್ಬಾಲ್ ಸ್ಪಿಯನ್‌ನಲ್ಲಿ ಲಿಂಗಗಳು ನೀರಿಗೆ ಒದಗುತ್ತವೆ. ಅವುಗಳ ಮೇಲೆ ಹರಿದು ಪವಿತ್ರವಾದ ನೀರು ಸಿಯಾಮ್ ರೀಪ್ ನದಿಯನ್ನು ಸೇರಿ ಅಂಕೋರ್‌ನ ಬಯಲಿಗೂ ಅಲ್ಲಿಂದ ತೋನ್ಲೆ ಸಾಪ್ ಸರೋವರಕ್ಕೂ ಇಳಿಯುತ್ತದೆ. ಒಂದರಲ್ಲಿ ಮನುಷ್ಯರು ದೇವರ ಬಳಿಗೆ ಹೋಗಬೇಕು. ಇನ್ನೊಂದರಲ್ಲಿ ದೇವರನ್ನು ಮುಟ್ಟಿದ ನೀರು ಗದ್ದೆಗಳಿಗೂ ನಗರಕ್ಕೂ ತಾನಾಗಿ ಬರುತ್ತದೆ. ಈ ವ್ಯತ್ಯಾಸವನ್ನೇ ನನ್ನ ಸಂಪ್ರಬಂಧದ ಕೇಂದ್ರವಾಗಿ ಮಾಡಿಕೊಂಡೆ. ಮರುವರ್ಷ ಒಂದು ವಿಚಾರಸಂಕಿರಣದಲ್ಲಿ ಅದನ್ನು ಮಂಡಿಸಿದೆ; ಆ ಬಳಿಕ ಅದು ಅಚ್ಚಾಯಿತು. ಅದರಲ್ಲಿ ಹನ್ನೊಂದು ಕಡೆ ‘ನಾನು ಕಂಡಂತೆ’, ‘ಅಲ್ಲಿ ಕಂಡೆನು’ ಎಂಬ ಮಾತುಗಳಿವೆ. ಶ್ರೀಮತಿಯ ಉಲ್ಲೇಖ ಒಂದೇ ಕಡೆ ಇದೆ: ಪ್ರಯಾಣದಲ್ಲಿ ಜೊತೆಗಿದ್ದುದಕ್ಕೆ ಕೃತಜ್ಞತೆ.

ಸುಳ್ಳು ಹೇಳಬೇಕೆಂದು ಕುಳಿತು ಬರೆದದ್ದಲ್ಲ. ಆಕೆಯ ವಾಕ್ಯಗಳನ್ನು ನನ್ನ ಹಾಳೆಗೆ ಇಳಿಸಿಕೊಳ್ಳುವಾಗ ಎಲ್ಲಿಯೂ ತೊಡಕಾಗಲಿಲ್ಲ. ಕನ್ನಡದ ಉತ್ತಮಪುರುಷ ಕ್ರಿಯಾಪದಕ್ಕೆ ಲಿಂಗಭೇದವಿಲ್ಲ. ಪ್ರಥಮಪುರುಷದಲ್ಲಿ ‘ಕಂಡನು’, ‘ಕಂಡಳು’ ಎಂದು ಬೇರೆಯಾಗುವುದು ‘ಕಂಡೆನು’ ಎಂಬಲ್ಲಿ ಒಂದೇ ಆಗುತ್ತದೆ. ಹಿಂದಿಯಲ್ಲಾಗಿದ್ದರೆ ‘ಮೈ ಗಯೀ’ ಎಂಬುದನ್ನು ‘ಮೈ ಗಯಾ’ ಎಂದು ತಿದ್ದಬೇಕಾಗುತ್ತಿತ್ತು. ಆ ಒಂದು ಸ್ವರವನ್ನು ಬದಲಿಸುವಾಗಲಾದರೂ ಕೈ ತಡೆಯುತ್ತಿತ್ತೇನೋ. ಕನ್ನಡದಲ್ಲಿ ಒಂದಕ್ಷರವನ್ನೂ ಬದಲಿಸದೆ ಆಕೆಯ ನೋಟ ನನ್ನದಾಯಿತು. ವ್ಯಾಕರಣದ ತರಗತಿಯಲ್ಲಿ ಈ ನಿಯಮವನ್ನು ಇಪ್ಪತ್ತೈದು ವರ್ಷ ಹೇಳಿಕೊಟ್ಟವನಿಗೆ ಅದರ ಇನ್ನೊಂದು ಉಪಯೋಗ ಆಗ ಹೊಳೆಯಲಿಲ್ಲ. ಭಾಷೆಯನ್ನು ದೂರುವುದು ನನ್ನ ಉದ್ದೇಶವಲ್ಲ. ಅದು ತೆರೆದಿಟ್ಟ ಬಾಗಿಲಿನಲ್ಲಿ ಒಳಹೊಕ್ಕವನು ನಾನು.

ಬದಲಿಸಿದ್ದು ಒಂದಿದೆ. ‘ನಾನು ನೋಡಿದಷ್ಟರಲ್ಲಿ ಲಿಂಗಗಳ ಎದುರು ನಂದಿ ಕಾಣಲಿಲ್ಲ’ ಎಂಬ ಆಕೆಯ ಎಚ್ಚರದ ವಾಕ್ಯವನ್ನು ‘ಇಲ್ಲಿ ನಂದಿಯ ಶಿಲ್ಪಗಳಿಲ್ಲ’ ಎಂದು ಬಿಗಿಗೊಳಿಸಿದ್ದೆ. ಅದು ತಪ್ಪು. ಅಲ್ಲಿಯ ಬಂಡೆಯ ಮೇಲೆ ನಂದಿಯನ್ನೇರಿದ ಉಮಾಮಹೇಶ್ವರರ ಶಿಲ್ಪವಿದೆ. ಆಕೆ ಅದನ್ನು ಎಂಟನೆಯ ಪುಟದಲ್ಲಿ ಬರೆದೂ ಇದ್ದಳು. ನೋಡಿದವಳ ವಾಕ್ಯದಲ್ಲಿ ನೋಟದ ಮಿತಿ ಇತ್ತು. ನೋಡದವನ ವಾಕ್ಯಕ್ಕೆ ಅಂಥ ಮಿತಿಯೇನೂ ಇರಲಿಲ್ಲ.

ಸಂಕಿರಣದಲ್ಲಿ ಪ್ರಬಂಧ ಮಂಡಿಸಿದ ಮೇಲೆ ಒಬ್ಬ ಸಂಶೋಧನ ವಿದ್ಯಾರ್ಥಿನಿ ಎದ್ದು ನಿಂತು, ‘ಸರ್, ಆ ಲಿಂಗಪೀಠಗಳ ಪ್ರಣಾಳ ಯಾವ ದಿಕ್ಕಿಗಿದೆ? ನೀರಿನ ಹರಿವಿಗೆ ಅನುಗುಣವಾಗಿದೆಯೋ, ಶಾಸ್ತ್ರಕ್ಕೆ ಅನುಗುಣವಾಗಿದೆಯೋ?’ ಎಂದು ಕೇಳಿದಳು. ಆ ದಿನದ ಅತ್ಯುತ್ತಮ ಪ್ರಶ್ನೆ ಅದು. ನಮ್ಮ ದೇವಾಲಯಗಳಲ್ಲಿ ಅಭಿಷೇಕದ ನೀರು ಸಾಮಾನ್ಯವಾಗಿ ಉತ್ತರಕ್ಕೆ ಹರಿಯುತ್ತದೆ. ನಾನು ತಡವರಿಸದೆ ‘ಉತ್ತರಕ್ಕೆ’ ಎಂದೆ. ಸಭೆ ತಲೆದೂಗಿತು. ಆಕೆ ಬರೆದುಕೊಂಡಳು.

ನನ್ನ ಶ್ರೀಮತಿ ಅಂದು ಸಭಾಂಗಣದ ಹಿಂದಿನ ಸಾಲಿನಲ್ಲಿ ಕುಳಿತಿದ್ದಳು. ರಾತ್ರಿ ಊಟ ಬಡಿಸುವಾಗ ಸಹಜವಾಗಿಯೇ ಕೇಳಿದಳು: ‘ನಾನು ದಿಕ್ಕು ನೋಡಿರಲಿಲ್ಲವಲ್ಲ. ನಿಮಗೆ ಹೇಗೆ ಗೊತ್ತಾಯಿತು?’ ಆಕೆಯ ಧ್ವನಿಯಲ್ಲಿ ಆಕ್ಷೇಪವಿರಲಿಲ್ಲ. ಬೇರೆ ಯಾವುದೋ ಗ್ರಂಥದಲ್ಲಿ ನಾನು ಓದಿರಬೇಕೆಂದೇ ಆಕೆ ನಂಬಿದ್ದಳು. ಆ ನಂಬಿಕೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಗಡಿಯ ಕಚೇರಿ, ಹೆಗಲುಪಟ್ಟಿ, ಒಂಬತ್ತು ಪುಟಗಳು ಎಲ್ಲವೂ ಆ ಊಟದ ತಟ್ಟೆಯ ಮುಂದೆ ಒಟ್ಟಿಗೆ ನೆನಪಾದವು.

ಬಾಂತೇ ಸ್ರೈಯ ಮಾತಿಗೆ ಈಗ ಬರಬೇಕು. 1923ರಲ್ಲಿ ಇಪ್ಪತ್ತೆರಡರ ಹರೆಯದ ಫ್ರೆಂಚ್ ಲೇಖಕ ಆಂದ್ರೆ ಮಾಲ್ರೋ ತನ್ನ ಪತ್ನಿ ಕ್ಲಾರಾ ಮತ್ತು ಒಬ್ಬ ಗೆಳೆಯನೊಡನೆ ಆ ಗುಡಿಗೆ ಹೋಗಿ, ಅಲ್ಲಿಯ ಶಿಲ್ಪಗಳನ್ನು ಕಿತ್ತು ಮಾರಲು ಹೊರಟು ಸಿಕ್ಕಿಬಿದ್ದ. ಪತಿಯನ್ನು ಅನುಸರಿಸುವುದು ಪತ್ನಿಯ ಕರ್ತವ್ಯವೆಂಬ ಕಾರಣಕ್ಕೆ ಕ್ಲಾರಾಳ ಮೇಲಿನ ಆರೋಪವನ್ನು ಕೈಬಿಡಲಾಯಿತು. ಪತಿಗೆ ಶಿಕ್ಷೆಯಾದಾಗ ಫ್ರಾನ್ಸಿನ ಲೇಖಕರ ಬೆಂಬಲವನ್ನು ಸಂಘಟಿಸಲು ಓಡಾಡಿದವಳು ಆಕೆಯೇ. 1924ರ ಮೇಲ್ಮನವಿಯಲ್ಲಿ ಶಿಕ್ಷೆ ಇಳಿಯಿತು. 1930ರಲ್ಲಿ ಮಾಲ್ರೋ ಈ ಅನುಭವವನ್ನು ‘ಲಾ ವ್ವಾ ರೊಯಾಲ್’, ಎಂದರೆ ‘ರಾಜಮಾರ್ಗ’, ಎಂಬ ಕಾದಂಬರಿಯಾಗಿ ಬರೆದಾಗ ಆ ಕಾಡಿನ ದಾರಿಯಲ್ಲಿ ನಾಯಕನ ಜೊತೆಗೆ ಪತ್ನಿ ಇಲ್ಲ. ಇನ್ನೊಬ್ಬ ಸಾಹಸಿ ಗಂಡಸು ಇದ್ದಾನೆ. ಕ್ಲಾರಾ ತನ್ನ ಪಾಲಿನ ಕಥೆಯನ್ನು ಹೇಳಿಕೊಂಡದ್ದು ದಶಕಗಳ ಅನಂತರ, 1960ರ ದಶಕದ ತನ್ನ ಆತ್ಮಕಥನದಲ್ಲಿ. ಕದ್ದ ಶಿಲ್ಪಗಳು ಮರಳಿ ಗುಡಿಯನ್ನು ಸೇರಿದವು. ಕ್ಲಾರಾ ಮಾತ್ರ ಕಾದಂಬರಿಯೊಳಗೆ ಮರಳಲಿಲ್ಲ. ಈ ಕಥೆಯನ್ನು ನಾನು ಬಾಂತೇ ಸ್ರೈಯ ಅಂಗಳದಲ್ಲಿ ನಿಂತು ಶ್ರೀಮತಿಗೆ ಸ್ವಾರಸ್ಯವಾಗಿ ವಿವರಿಸಿದ್ದೆ; ಮಾಲ್ರೋನನ್ನು ಟೀಕಿಸಿಯೂ ಇದ್ದೆ.

ಕ್ಬಾಲ್ ಸ್ಪಿಯನ್‌ನ ಶೋಧದ ಕಥೆಯೂ ಹೀಗೆಯೇ ಇದೆ. 1960ರ ದಶಕದ ಕೊನೆಯಲ್ಲಿ ಅದನ್ನು ವಿದ್ವತ್ ಲೋಕದ ಗಮನಕ್ಕೆ ತಂದವರು ಫ್ರೆಂಚ್ ಜನಾಂಗವಿಜ್ಞಾನಿ ಜ್ಯಾಂ ಬೂಲ್ಬೆ. ಅವರಿಗೆ ದಾರಿ ತೋರಿಸಿದವನು ಕಾಡಿನಲ್ಲಿದ್ದ ಒಬ್ಬ ತಪಸ್ವಿಯೆಂದು ಹೇಳುತ್ತಾರೆ. ‘ಶೋಧಿಸಿದವರು’ ಎಂದು ನಾವು ಬರೆದುಕೊಳ್ಳುವುದು ಬೂಲ್ಬೆಯವರ ಹೆಸರನ್ನು.

ಈ ವಿಷಯದಲ್ಲಿ ನಮ್ಮ ಶಾಸನಗಳ ಶಿಸ್ತು ನೆನಪಾಗುತ್ತದೆ. ಎಷ್ಟೋ ಶಾಸನಗಳ ಕೊನೆಯಲ್ಲಿ ದಾನ ಕೊಟ್ಟವರು ಬೇರೆ, ಪದ್ಯ ರಚಿಸಿದವರು ಬೇರೆ, ಬರೆದವರು ಬೇರೆ, ಕಲ್ಲಿನಲ್ಲಿ ಕಂಡರಿಸಿದ ರೂವಾರಿ ಬೇರೆ ಎಂದು ಒಬ್ಬೊಬ್ಬರ ಕೆಲಸವನ್ನು ಒಬ್ಬೊಬ್ಬರ ಹೆಸರಿಗೆ ಬರೆದಿರುತ್ತಾರೆ. ಜಾನಪದದ ಕ್ಷೇತ್ರಕಾರ್ಯದಲ್ಲಿಯೂ ವಕ್ತೃವಿನ ಹೆಸರು, ವಯಸ್ಸು, ಊರು ಇಲ್ಲದ ಟಿಪ್ಪಣಿಗೆ ಬೆಲೆಯಿಲ್ಲವೆಂದು ನಾವು ಕಲಿಸುತ್ತೇವೆ. ಹಾಗೆ ಬರೆಯದೆ ತಂದ ವಿದ್ಯಾರ್ಥಿಗಳ ಪುಸ್ತಕಗಳನ್ನು ನಾನೇ ಹಿಂದಿರುಗಿಸಿದ್ದೇನೆ. ಮನೆಯೊಳಗಿನ ವಕ್ತೃವಿನ ವಿಷಯದಲ್ಲಿ ಮಾತ್ರ ಈ ಶಿಸ್ತು ಬೇಕೆನಿಸಲಿಲ್ಲ. ದಾಂಪತ್ಯದಲ್ಲಿ ಎಲ್ಲವೂ ಇಬ್ಬರದೂ ಎಂಬ ಸುಂದರವಾದ ಮಾತು, ಬರೆಯುವ ಹೊತ್ತಿಗೆ ಬರೆಯುವವನೊಬ್ಬನದಾಗಿ ಬಿಡುತ್ತದೆ. ನಮ್ಮ ಸಂಶೋಧನಗ್ರಂಥಗಳ ‘ಕೃತಜ್ಞತೆಗಳು’ ಪುಟದ ಕೊನೆಯ ಸಾಲಿನಲ್ಲಿ ‘ಸಹಕರಿಸಿದ ಪತ್ನಿ’ ಎಂದು ನಿಂತಿರುವವರಲ್ಲಿ ಎಷ್ಟು ಮಂದಿ ಹಸ್ತಪ್ರತಿ ನಕಲು ಮಾಡಿದರು, ಎಷ್ಟು ಮಂದಿ ಹಾಡು ಬರೆದುಕೊಂಡರು, ಎಷ್ಟು ಮಂದಿ ಪುರುಷರಿಗೆ ಪ್ರವೇಶವಿಲ್ಲದ ಒಳಮನೆಯ ಆಚರಣೆಗಳನ್ನು ನೋಡಿ ಬಂದು ಹೇಳಿದರು ಎಂಬುದು ಪರಿಶೀಲನೆಗೆ ಯೋಗ್ಯವಾದ ವಿಷಯ.

ಸಂಕಿರಣದ ಆ ವಿದ್ಯಾರ್ಥಿನಿಗೆ ಪತ್ರ ಬರೆದು ‘ಉತ್ತರಕ್ಕೆ’ ಎಂಬ ನನ್ನ ಉತ್ತರವನ್ನು ಹಿಂತೆಗೆದುಕೊಂಡಿದ್ದೇನೆ. ಉಳಿದದ್ದನ್ನು ಇಲ್ಲಿ ದಾಖಲಿಸುತ್ತೇನೆ. ಆ ಸಂಪ್ರಬಂಧದಲ್ಲಿ ಕ್ಬಾಲ್ ಸ್ಪಿಯನ್ ಕುರಿತು ‘ನಾನು ಕಂಡೆನು’ ಎಂದಿರುವ ಕಡೆಗಳಲ್ಲೆಲ್ಲ ‘ಆಕೆ ಕಂಡಳು’ ಎಂದು ಓದಿಕೊಳ್ಳಬೇಕು. ‘ನಂದಿಯ ಶಿಲ್ಪಗಳಿಲ್ಲ’ ಎಂಬ ವಾಕ್ಯವನ್ನು ಕೈಬಿಡಬೇಕು. ಪೂಜೆಗೆ ಒದಗುವ ಲಿಂಗ, ನೀರಿಗೆ ಒದಗುವ ಲಿಂಗ ಎಂಬ ಭೇದವನ್ನು ಮೊದಲು ಗುರುತಿಸಿದವಳು ಆಕೆ. ಅದಕ್ಕೆ ಪರಿಭಾಷೆಯ ಉಡುಗೆ ತೊಡಿಸಿದ್ದಷ್ಟೇ ನನ್ನ ಕೆಲಸ.

ನಾನು ಕಂಡದ್ದು ಇಷ್ಟು. ಕಾಡಿನ ಅಂಚಿನ ಒಂದು ತಗಡಿನ ಅಂಗಡಿ. ನನ್ನ ಹರಡನ್ನು ನೋಡಿ, ಏನೂ ಕೇಳದೆ, ಯಾವುದೋ ಎಲೆಗಳನ್ನು ಕೆಂಡದ ಮೇಲೆ ಬಾಡಿಸಿ ತಂದು ಕಟ್ಟಿದ ವೃದ್ಧೆ. ನನ್ನ ತಲೆಯ ಮೇಲೆ ಬಿಸಿಲು ಬಂದಾಗಲೆಲ್ಲ ಬೆಂಚನ್ನು ನೆರಳಿಗೆ ಎಳೆಯುತ್ತಿದ್ದ ಗಾಡಿಯ ಯುವಕ. ನಾನು ದುಡ್ಡು ಕೊಡಹೋದಾಗ ವೃದ್ಧೆ ಎಳನೀರಿಗೆ ಮಾತ್ರ ತೆಗೆದುಕೊಂಡು, ಎಲೆಗಳಿಗೆ ಬೇಡವೆಂದು ಕೈಯಾಡಿಸಿದ್ದು. ಮೂರು ಗಂಟೆಯ ಕಾಲ ಕಾಲುದಾರಿಯ ತಿರುವನ್ನೇ ನೋಡುತ್ತ ಕುಳಿತಿದ್ದು. ಇವುಗಳಲ್ಲಿ ಒಂದನ್ನೂ ನಾನು ಆ ಸಂಪ್ರಬಂಧದಲ್ಲಿ ಬರೆದಿರಲಿಲ್ಲ. ನಿಜವಾಗಿ ಕಂಡದ್ದು ಬರೆಯಲು ಯೋಗ್ಯವೆನಿಸಿರಲಿಲ್ಲ.

ಈ ಬರಹದ ಕರಡನ್ನು ಶ್ರೀಮತಿಗೆ ಓದಲು ಕೊಟ್ಟೆ. ಎರಡು ಕಡೆ ಪೆನ್ಸಿಲಿನಿಂದ ಗುರುತು ಹಾಕಿದಳು. ತಾನು ಮೇಲೆ ಹೋಗಿ ಬಂದದ್ದು ಮೂರು ಗಂಟೆಯಲ್ಲ, ಎರಡು ಗಂಟೆ ಇಪ್ಪತ್ತು ನಿಮಿಷ. ಹೊರಟ ವೇಳೆಯೂ ಬಂದ ವೇಳೆಯೂ ಪುಸ್ತಕದಲ್ಲಿವೆ ಎಂದಳು. ಅಂದು ತಾನು ಉಟ್ಟಿದ್ದು ಸೀರೆಯಲ್ಲ, ಚೂಡಿದಾರ ಎಂದಳು. ಎರಡನ್ನೂ ತಿದ್ದದೆ ಹಾಗೆಯೇ ಬಿಟ್ಟಿದ್ದೇನೆ. ಓದುಗರು ತಿದ್ದಿಕೊಳ್ಳಬೇಕು.